ನಂದಿಬಟ್ಟಲಿನಿಂದ ಇಳಿದ ಹುಳ

ನಮ್ಮ ಯಜಮಾನರು ನಿವೃತ್ತರಾದ ಮೇಲೆ ಮೊದಲು ಮಾಡಿದ ಕೆಲಸ ಮನೆಯ ಸುತ್ತಲಿನ ಮಣ್ಣಿಗೆಲ್ಲ ಸಿಮೆಂಟ್ ಹಾಕಿಸಿದ್ದು. ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಆಯುಷ್ಯ ಕಳೆದವರು. ಕೆಸರು, ಒಣಗೆಲೆ, ಗೆದ್ದಲು ಯಾವುದೂ ಅವರ ಕಣ್ಣಿನಲ್ಲಿ ಪಾಸಾಗುತ್ತಿರಲಿಲ್ಲ. "ನಾವು ಹೋದ್ರೂ ಇದು ಬಿರುಕು ಬಿಡಲ್ಲ" ಎಂದು ಬೀಗದ ಕೈಯಿಂದ ನೆಲ ತಟ್ಟಿ ತೋರಿಸಿದ್ದರು. ನಾನೂ ಬೇಡವೆನ್ನಲಿಲ್ಲ. ಗುಡಿಸುವವಳು ನಾನೇ ತಾನೆ? ರಾಜಗೋಪಾಲನಗರದ ನಮ್ಮ ಬೀದಿಯಲ್ಲಿ ಎಲ್ಲರ ಅಂಗಳವೂ ಹಾಗೆಯೇ. ಗಿಡಗಳು ಪೀಣ್ಯದಿಂದ ತಂದು ಅರ್ಧಕ್ಕೆ ಕತ್ತರಿಸಿದ ಡ್ರಮ್ಮುಗಳಿಗೆ ಏರಿದವು. ಆ ಡ್ರಮ್ಮುಗಳ ಮಣ್ಣನ್ನೂ ಬಿಡದೆ ಜಲ್ಲಿ ಹಾಸಿ ಮುಚ್ಚಿದರು ಮಹರಾಯರು.

ಆಮೇಲೆ ಅವರಿಗೆ ಹೊತ್ತು ಹೋಗದಾಯಿತು. ಕಾಫಿ ಲೋಟ ಹಿಡಿದು ಗಿಡಗಳ ನಡುವೆ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ದಾಸವಾಳಕ್ಕೆ ಬರುವ ಸೂರಕ್ಕಿ, ಕಾಂಪೌಂಡಿನ ಮೇಲಿನ ಓತಿಕೇತ, ರಾತ್ರಿ ದೀಪಕ್ಕೆ ಬಂದು ಬೆಳಗ್ಗೆ ಗೋಡೆಗೆ ಅಂಟಿಕೊಂಡಿರುವ ಪತಂಗಗಳು. ನನ್ನ ಹೊಸ ಸೀರೆಯನ್ನು ಎಂದೂ ಗಮನಿಸದ ಮನುಷ್ಯ, ಪತಂಗದ ರೆಕ್ಕೆಯ ಅಂಚು ತೋರಿಸಲು ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿಕೊಂಡು ಹೋಗುತ್ತಿದ್ದರು. ಬೈಯುತ್ತಲೇ ಹೋಗುತ್ತಿದ್ದೆ. ಅವರ ಮುಖದಲ್ಲಿ ಅಂಥ ಖುಷಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಒಂದು ಮಳೆಗಾಲ ನಂದಿಬಟ್ಟಲಿನಲ್ಲಿ ಹಸಿರು ಹುಳವೊಂದು ಕಾಣಿಸಿತು. ಬೆರಳುದ್ದ, ಮೈಮೇಲೆ ಕಣ್ಣಿನಂಥ ಎರಡು ನೀಲಿ ಬೊಟ್ಟು. ನನ್ನ ಪೂಜೆಯ ಹೂವಿನ ಗಿಡ ದಿನದಿನಕ್ಕೆ ಬೋಳಾಗುತ್ತಿತ್ತು. "ತೆಗೆದು ಬಿಸಾಕ್ರೀ" ಎಂದೆ.

"ತಿನ್ಲಿ ಬಿಡೇ. ನಿನ್ನ ಶಿವನಿಗೆ ದಾಸವಾಳ ಇಡು. ಇದು ರೆಕ್ಕೆ ಬಿಚ್ಚೋದನ್ನ ನಾನು ನೋಡ್ಬೇಕು."

ಒಂದು ಬೆಳಗ್ಗೆ ಆ ಹುಳ ಕಂದುಬಣ್ಣಕ್ಕೆ ತಿರುಗಿ, ಗಿಡದಿಂದ ಇಳಿದು ಸಿಮೆಂಟಿನ ಮೇಲೆ ಹರಿದಾಡುತ್ತಿತ್ತು. ಕಾಯಿಲೆ ಬಿದ್ದಿದೆ ಎಂದುಕೊಂಡರು. ಕೆಟ್ಟ ಪೀಸನ್ನು ಸರಿಮಾಡಲು ಹಿಂದಕ್ಕೆ ಕಳಿಸಿ ಅಭ್ಯಾಸವಾದ ಕೈ. ಮೆಲ್ಲಗೆ ಎತ್ತಿ ಎಳೆಯ ಚಿಗುರಿನ ಮೇಲೆ ಇಟ್ಟರು. ಅದು ಮತ್ತೆ ಇಳಿಯಿತು. ಇವರು ಮತ್ತೆ ಇಟ್ಟರು. ಇವರು ಸ್ನಾನಕ್ಕೆ ಹೋದಾಗ ನಾನೂ ಎತ್ತಿಟ್ಟೆ. ಮಾರನೆಯ ದಿನ ಅದು ಡ್ರಮ್ಮಿನ ಬುಡದಲ್ಲಿ ಸುರುಟಿಕೊಂಡು ಬಿದ್ದಿತ್ತು. ಇರುವೆ ಮುತ್ತಿದ್ದವು.

ಶಾಲೆಯಲ್ಲಿ ವಿಜ್ಞಾನ ಕಲಿಸುವ ನನ್ನ ಮೈದುನನ ಮಗಳಿಗೆ ಫೋಟೊ ಕಳಿಸಿದರು. ಅವಳು ಫೋನ್ ಮಾಡಿದಳು. "ಅಯ್ಯೋ ದೊಡ್ಡಪ್ಪ, ಅದಕ್ಕೇನೂ ಆಗಿರ್ಲಿಲ್ಲ. ತಿನ್ನೋದು ಮುಗೀತು, ಇಳ್ದಿದೆ ಅಷ್ಟೆ. ಮಣ್ಣಲ್ಲೋ ಒಣಗೆಲೆ ಕೆಳಗೋ ಸೇರ್ಕೊಂಡು ಎರಡು ಮೂರು ವಾರಕ್ಕೆ ಪತಂಗ ಆಗ್ತಿತ್ತು."

ಕೆಟ್ಟ ಮೇಲೆ ಬುದ್ಧಿ ಬಂತು. ಪ್ರೀತಿಯಿಂದಲೇ ಅದನ್ನು ಸಾಯಿಸಿದ್ದೆವು. ಎಷ್ಟೋ ದಿನ ಇವರು ಅಂಗಳದಲ್ಲಿ ಕುರ್ಚಿ ಹಾಕಲಿಲ್ಲ.

ಮರುವರ್ಷ ಮತ್ತೊಂದು ಹುಳ ಬಂತು. ಈ ಸಲ ಇವರು ಮೂಲೆಯಲ್ಲಿ ಒಣಗೆಲೆ ರಾಶಿ ಹಾಕಿ ಕಾದರು. ನಾನು ಪೊರಕೆ ಮುಟ್ಟಲಿಲ್ಲ. ಹುಳ ಕಂದಾಗಿ ಇಳಿಯಿತು. ರಾಶಿಯ ಕಡೆ ತಲೆಯನ್ನೂ ಹಾಕದೆ ನೇರ ಗೇಟಿನತ್ತ ಹೊರಟಿತು. ಇವರ ಕೈ ಮುಂದೆ ಚಾಚಿತು, ಹಾಗೇ ಹಿಂದಕ್ಕೆ ಬಂತು. ಗೇಟು ತೆರೆದು, ಲುಂಗಿಯಲ್ಲೇ ಬೀದಿಗಿಳಿದು, ಬರುತ್ತಿದ್ದ ಗೂಡ್ಸ್ ಟೆಂಪೊಗೆ ಕೈ ಅಡ್ಡ ಹಿಡಿದರು.

"ಏನಾಯ್ತು ಸಾರ್?" ಎಂದ ಡ್ರೈವರ್.

"ಒಂದ್ನಿಮಿಷ ಅಣ್ಣ. ದಾಟ್ತಾ ಇದೆ."

ಅವನು ಬಗ್ಗಿ ನೋಡಿದ. ಎಂಜಿನ್ ಆರಿಸಿದ. ಹುಳ ಎದುರಿನ ಖಾಲಿ ಸೈಟಿನ ಕಳೆಯೊಳಗೆ ಸೇರಿತು. ಅಂದು ಇವರು ಕಾಫಿಯನ್ನು ಕೇಳಿ ಕೇಳಿ ಕುಡಿದರು.

ವಾರ ತುಂಬಿರಲಿಲ್ಲ, ಆ ಸೈಟಿಗೆ ಜೆಸಿಬಿ ಬಂತು. ಇವರು ಗೇಟು ಹಿಡಿದು ನಿಂತು, ಮಣ್ಣು ಲಾರಿಗೆ ಬೀಳುವುದನ್ನೇ ನೋಡಿದರು.

"ಅಷ್ಟರಲ್ಲಿ ಹಾರಿಹೋಗಿರುತ್ತೆ, ಅಲ್ವೇನೇ?"

ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. "ಹಾರಿರುತ್ತೆ ಕಣ್ರೀ" ಎಂದೆ.

ಇವರು ಒಳಗೆ ಬಂದು, ಚಪ್ಪಲಿಯ ತುದಿಯಿಂದ ನಮ್ಮ ಅಂಗಳದ ಸಿಮೆಂಟನ್ನು ಒಮ್ಮೆ ಕೆರೆದರು.

"ಎಷ್ಟು ಗಟ್ಟಿಯಾಗಿ ಹಾಕ್ಸಿದೀನಿ ನೋಡು" ಎಂದರು.