ಕೆನೆಯ ಸಾಸ್ ತುಪ್ಪವಾದ ಭಾನುವಾರ

ಶ್ರಾವ್ಯಾ, ಪ್ರಣವ್, ಇದನ್ನು ನೀವು ಓದುವಾಗ ನಾನು ಎದುರಿಗೆ ಇರಬಾರದು. ಇದ್ದರೆ ಎದ್ದು ಒಳಗೆ ಹೋಗುತ್ತೇನೆ. ಹೇಳಬೇಕಾದದ್ದನ್ನು ಬರೆದು ತೋರಿಸುವ ಚಾಳಿ ನನಗೆ ಊರಿನ ಶಾಲೆಯಿಂದಲೇ ಇದೆ. ಮಾಸ್ಟ್ರು ಪ್ರಶ್ನೆ ಕೇಳಿದರೆ ಸ್ಲೇಟಿನಲ್ಲಿ ಉತ್ತರ ಬರೆದು, ಸ್ಲೇಟನ್ನೇ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ. ನವಿ ಮುಂಬಯಿಯ ಈ ನೆರೂಳಿಗೆ ಬಂದು ಇಷ್ಟು ವರ್ಷವಾಯಿತು, ಈಗಲೂ ಲಿಫ್ಟಿನಲ್ಲಿ ಯಾರಾದರೂ "ಕೈಸೀ ಹೈಂ ಆಂಟೀ?" ಎಂದರೆ ನಾನು ಬಟನ್ನುಗಳನ್ನು ಎಣಿಸತೊಡಗುತ್ತೇನೆ.

ನಮ್ಮ ಫ್ರಿಜ್ಜಿನ ಹಿಂದುಗಡೆ ಒಂದು ಸ್ಟೀಲ್ ಡಬ್ಬಿ ಇರುತ್ತದಲ್ಲ, ನೀವಿಬ್ಬರೂ ಐಸ್‌ಕ್ರೀಮ್ ಎಂದು ತೆರೆದು ಮೂಗು ಮುಚ್ಚಿಕೊಳ್ಳುವುದು? ಅದು ಕೆನೆಯ ಡಬ್ಬಿ. ಕಾಯಿಸಿ ಆರಿಸಿದ ಹಾಲಿನ ಮೇಲಿನ ಕೆನೆಯನ್ನು ದಿನವೂ ತೆಗೆದು ಅದರಲ್ಲಿ ಹಾಕುವುದು, ಡಬ್ಬಿ ತುಂಬಿದ ಮೇಲೆ ಕಡೆದು ಬೆಣ್ಣೆ ಮಾಡುವುದು, ಬೆಣ್ಣೆ ಕಾಯಿಸಿ ತುಪ್ಪ. ಕೆಲವರು ದೇವರ ಮೇಲೆ ನಂಬಿಕೆ ಇಡುತ್ತಾರೆ. ನಾನು ದೇವರ ಮೇಲೆ ಸ್ವಲ್ಪ, ಆ ಡಬ್ಬಿಯ ಮೇಲೆ ಸ್ವಲ್ಪ ಇಟ್ಟವಳು. ಆ ಭಾನುವಾರ ಅದು ನನಗೆ ಕೈಕೊಟ್ಟಿತು.

ಪ್ರಣವ್, ನೀನು ಮರೆತಿರಬಹುದು, ಆಗ ಮನೆಯಲ್ಲಿ ಮಾತು ಸರಿ ಇರಲಿಲ್ಲ. ಅಕ್ಕನಿಗೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಬೇಕು, ಅಪ್ಪನಿಗೆ ಬೇಡ. ನಿಮ್ಮ ಅಜ್ಜ ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಒಲೆಯ ಮುಂದೆ ನಿಂತು ನಿಮ್ಮ ಅಪ್ಪನನ್ನು ಓದಿಸಿದವರು. ಠಾಕುರ್ಲಿಯ ನಮ್ಮ ಒಂದೇ ಕೋಣೆಗೆ ಅವರು ಬರುವ ಹೊತ್ತಿಗೆ ಅನ್ನ ತಣ್ಣಗಾಗಿರುತ್ತಿತ್ತು, ಮಗ ಮಲಗಿರುತ್ತಿದ್ದ. ಆ ಮಗ ಈಗ ಎ.ಸಿ. ಆಫೀಸಿನಲ್ಲಿ ಕೂತು ಹೇಳುತ್ತಾನೆ: "ಹೋಟೆಲಿನವ ಬಿಸಿ ಅನ್ನ ಕಾಣುವುದು ಗಿರಾಕಿಯ ತಟ್ಟೆಯಲ್ಲಿ. ನನ್ನ ಮಗಳಿಗೆ ಅದು ಬೇಡ." ಕೊನೆಗೆ ಇವಳ ಹಟಕ್ಕೆ ಸೋತು, "ಭಾನುವಾರ ಒಂದು ಊಟ ಮಾಡಿ ಬಡಿಸು, ತಿಂದು ಹೇಳುತ್ತೇನೆ" ಎಂದ. ತಿಂದ ಮೇಲೂ ಬೇಡ ಎನ್ನುವುದೇ ಅವನ ಯೋಚನೆ ಎಂದು ಹೆತ್ತವಳಿಗೆ ಗೊತ್ತಾಗದೆ ಇರುತ್ತದೆಯೆ?

ಶ್ರಾವ್ಯಾ ಆರಿಸಿದ್ದು ಸ್ಟೇಕ್, ಅದರ ಮೇಲೆ ಕಾಳುಮೆಣಸಿನ ಕೆನೆ ಸಾಸ್. ಸ್ಟೇಕ್ ಎಂದರೆ ದಪ್ಪ ಮಾಂಸದ ತುಂಡಂತೆ. ನಮ್ಮದು ಸಸ್ಯಾಹಾರಿಗಳ ಮನೆ, ಆದ್ದರಿಂದ ಮಾಂಸದ ಜಾಗಕ್ಕೆ ಸುವರ್ಣಗಡ್ಡೆ ಬಂದು ಕೂತಿತು. ಇಲ್ಲಿಯವರು ಉಪವಾಸದ ದಿನ ತಿನ್ನುವುದು ಇದೇ ಗಡ್ಡೆ. ಪ್ರಣವ್, ನೀನು ಆಗ, "ಸುರಣ್ ಸ್ಟೇಕ್? ಮತ್ಲಬ್ ಉಪವಾಸ್ ಕಾ ಸ್ಟೇಕ್?" ಎಂದು ಕೇಳಿ ಅಕ್ಕನಿಂದ ಸೌಟಿನ ಏಟು ತಿಂದೆ. ಫೋನಿನಲ್ಲಿದ್ದ ವಿಧಾನದ ಪ್ರಕಾರ ಬಾಣಲೆಗೆ ಬ್ರಾಂದಿ ಸುರಿದು ಬೆಂಕಿ ಹಚ್ಚಬೇಕಿತ್ತು. "ಹಚ್ಚು, ಬಿಲ್ಡಿಂಗ್ ಸೊಸೈಟಿಯವರು ನೋಟಿಸ್ ಹಚ್ಚುತ್ತಾರೆ" ಎಂದಳು ನಿಮ್ಮ ಅಮ್ಮ. ಬ್ರಾಂದಿ ಹೋಯಿತು.

ನನ್ನ ಕುತೂಹಲವೆಲ್ಲ ಕಾಳುಮೆಣಸಿನ ಮೇಲೆ. ನಮ್ಮ ಕರಾವಳಿಯ ಮೆಣಸಿಗಾಗಿ ಪರಂಗಿಯವರು ಹಡಗು ಕಟ್ಟಿಕೊಂಡು ಬಂದರು ಎಂದು ಏಳನೆಯ ಕ್ಲಾಸಿನಲ್ಲಿ ಓದಿದ್ದೆ. ನನಗೆ ಆಗಲೇ ಒಂದು ಸಂಶಯ: ಅಷ್ಟು ಜನಕ್ಕೆ ಒಟ್ಟಿಗೆ ಶೀತವಾಗಿತ್ತೆ? ನಮ್ಮಲ್ಲಿ ಕಾಳುಮೆಣಸು ಡಬ್ಬಿಯಿಂದ ಹೊರಗೆ ಬಂದರೆ ಮನೆಯಲ್ಲಿ ಯಾರೋ ಕೆಮ್ಮುತ್ತಿದ್ದಾರೆ ಎಂದರ್ಥ. ಅದನ್ನು ಹೀಗೆ ಬೆಣ್ಣೆ, ಕೆನೆಗಳ ಜೊತೆ ಸುಖವಾಗಿ ತಿನ್ನಬಹುದೆಂದು ತಿಳಿದದ್ದು ಈ ವಯಸ್ಸಿನಲ್ಲಿ.

ಗಡ್ಡೆಯನ್ನು ಹುಣಸೆ ನೀರಿನಲ್ಲಿ ಬೇಯಿಸಿ, ಕಾವಲಿಯಲ್ಲಿ ಕೆಂಪಗೆ ಹುರಿದಾಯಿತು. ಬಾಣಲೆಯಲ್ಲಿ ಬೆಣ್ಣೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕುಟ್ಟಿದ ಮೆಣಸು. ಇನ್ನು ಕ್ರೀಮ್ ಹಾಕಬೇಕು ಎನ್ನುವಾಗ ಶ್ರಾವ್ಯಾಳ ಮುಖ ಇಳಿಯಿತು. ಸೀವುಡ್ಸ್‌ನ ಮಾಲ್‌ವರೆಗೆ ಹೋಗಿ ಯಾವುದೋ ಸೊಪ್ಪಿನ ಕಡ್ಡಿಗಳನ್ನು ತಂದವಳು ಕ್ರೀಮನ್ನೇ ಮರೆತಿದ್ದಳು. ಅಪ್ಪ ಕೈತೊಳೆದು ಮೇಜಿನ ಮುಂದೆ ಕೂತಾಗಿತ್ತು.

ಆಗ ನಾನು ಫ್ರಿಜ್ ತೆರೆದು ಡಬ್ಬಿ ಕೊಟ್ಟೆ. ಅವಳು ನನ್ನ ಕೆನ್ನೆಗೆ ಮುತ್ತಿಟ್ಟು, ಇಡೀ ಡಬ್ಬಿ ಸುರಿದಳು.

ಮೊದಲು ಬೆಳ್ಳಗೆ, ಚಂದವಾಗಿಯೇ ಇತ್ತು. ಆಮೇಲೆ ಅಂಚಿನಲ್ಲಿ ಒಂದು ಹಳದಿ ಗೆರೆ. ಆಮೇಲೆ ಕಾಳುಕಾಳು. ಆಮೇಲೆ ಚಟಪಟ ಸದ್ದು, ಮನೆ ತುಂಬಾ ಪರಿಮಳ. ಜನ್ಮವಿಡೀ ತುಪ್ಪ ಕಾಯಿಸಿದವಳಿಗೆ ಕೆನೆ ಕಾದರೆ ಏನಾಗುತ್ತದೆಂದು ಗೊತ್ತಿಲ್ಲವೆ? ಗೊತ್ತು. ಸಾಸ್ ಎಂದ ಕೂಡಲೇ ಅದು ಬೇರೆಯ ಹಾಗೆ ನಡೆದುಕೊಂಡೀತು ಎಂದುಕೊಂಡಿದ್ದೆ. ಗಾಬರಿಯಲ್ಲೂ ನನ್ನ ಕೈ, ತುಪ್ಪಕ್ಕೆ ಹಾಕಲು ವೀಳ್ಯದೆಲೆ ಹುಡುಕುತ್ತಿತ್ತು.

"ಅಜ್ಜಿ, ಯೇ ತೋ ಘೀ ಹೋ ಗಯಾ," ಎಂದಳು ಶ್ರಾವ್ಯಾ, ಮೆಲ್ಲಗೆ.

"ದೀದಿ, ಪಿಜ್ಜಾ ಮಂಗಾಊಂ ಕ್ಯಾ?" ಎಂದೆ ನೀನು, ಪ್ರಣವ್, ಗಟ್ಟಿಯಾಗಿ.

"ಉಂದು ಎಂಚಿನ?" ಹೊರಗಿನಿಂದ ನಿಮ್ಮ ಅಪ್ಪ. ಇದೇನು ಎಂದು ತುಳುವಿನಲ್ಲಿ. ಅವನಿಗೆ ಸಿಟ್ಟು, ಸಂಶಯ, ಹಸಿವು ಮೂರೂ ತುಳುವಿನಲ್ಲೇ ಬರುವುದು. "ತುಪ್ಪದ ಪರಿಮಳ ಯಾಕೆ?"

ನಾನು ಫ್ರಿಜ್ಜಿನ ಬಾಗಿಲ ಹಿಂದೆ ಸ್ಲೇಟು ಹಿಡಿದ ಹುಡುಗಿಯಾಗಿ ನಿಂತೆ. ಶ್ರಾವ್ಯಾ, ನೀನು ನನ್ನ ಹೆಸರು ಹೇಳಲಿಲ್ಲ. "ವೋ ಎಕ್ಸ್‌ಟ್ರಾ ಐಟಮ್ ಹೈ ಪಪ್ಪಾ" ಎಂದು ಕೂಗಿ ಹೇಳಿ, ತುಪ್ಪವನ್ನು ಗಿಂಡಿಗೆ ಸೋಸಿದೆ. ಗೋಡಂಬಿಗೆ ಬಿಸಿ ಹಾಲು ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿದೆ. ಬೇರೆ ಬಾಣಲೆ, ಮತ್ತೆ ಬೆಣ್ಣೆ, ಮತ್ತೆ ಮೆಣಸು. ನಡುವೆ ಕಟ್ಟೆಯನ್ನೂ ಒರೆಸಿದೆ. ಅಳಲಿಲ್ಲ. ನಾನಾಗಿದ್ದರೆ ಅಳುತ್ತಿದ್ದೆ.

ಸಾಸ್ ಚೆನ್ನಾಗಿಯೇ ಬಂತು, ಸೌಟಿನಿಂದ ರೇಷ್ಮೆಯ ಹಾಗೆ ಇಳಿಯಿತು. ನಿಮ್ಮ ಅಪ್ಪ ಚಾಕುವನ್ನು ಪಕ್ಕಕ್ಕಿಟ್ಟು ಕೈಯಲ್ಲೇ ಮುರಿದು ತಿಂದ. ಮುಖದಲ್ಲಿ ಏನೂ ಕಾಣಿಸಲಿಲ್ಲ. ಶ್ರಾವ್ಯಾ ಎಲ್ಲರಿಗೂ ಬಡಿಸಿದಳು, ಎರಡನೆಯ ಸಲ ಕೇಳಿ ಬಡಿಸಿದಳು, ಸೆರಗಿಲ್ಲದ್ದಕ್ಕೆ ಟೀ-ಶರ್ಟಿನ ತುದಿಯಲ್ಲಿ ಬೆವರು ಒರೆಸಿಕೊಂಡಳು. ಅವಳ ಪಾಲಿನ ತುಂಡು ಒಲೆಯ ಪಕ್ಕದಲ್ಲಿ ಆರುತ್ತಿತ್ತು, ಅದರ ಮೇಲಿನ ಸಾಸ್ ಹೆಪ್ಪುಗಟ್ಟಿ ಸುಕ್ಕಾಗುತ್ತಿತ್ತು. ನಿಮ್ಮ ಅಪ್ಪನ ಕಣ್ಣು ಆ ತಟ್ಟೆಯ ಮೇಲೆ ನಿಂತಿತು. ಅವನಿಗೆ ಯಾರು ಕಂಡರೆಂದು ನನಗೆ ಗೊತ್ತು. ನನಗೂ ಕಂಡರು.

ಅವನು ಎದ್ದು, ಆ ತಟ್ಟೆಯನ್ನು ತಂದು, ಬಾಣಲೆಯಲ್ಲಿದ್ದ ಬಿಸಿ ಸಾಸನ್ನು ಅದರ ಮೇಲೆ ತಾನೇ ಸುರಿದ. ಕುರ್ಚಿ ಎಳೆದ.

"ಕೂತ್ಕೋ. ಬಿಸಿ ಇರುವಾಗ ತಿನ್ನು."

"ಪಪ್ಪಾ, ಪೆಹೆಲೇ ಬತಾವೋ ನಾ, ಹಾಂ ಯಾ ನಾ?" ಹೂಂ ಅಥವಾ ಉಹೂಂ, ಅವಳಿಗೆ ಮೊದಲು ಉತ್ತರ ಬೇಕು.

"ಮೊದಲು ತಿನ್ನು. ಅಲ್ಲಿ ಹೋದರೂ ಹೀಗೇ ಕೂತು ತಿನ್ನುತ್ತೇನೆ ಅಂತ ಹೇಳು. ಹೇಳಿದರೆ ನಾಳೆ ಫಾರಂ ತಾ."

ಬಾಯಿ ತುಂಬಿದ್ದರಿಂದ ಅವಳು ಬರೀ ತಲೆಯಾಡಿಸಿದಳು. ನಾನು ಕಣ್ಣೊರೆಸಿಕೊಂಡು ಬಾಣಲೆ ತೊಳೆಯಲು ನಲ್ಲಿ ತಿರುಗಿಸಿದೆ.

"ಅಮ್ಮಾ," ಎಂದ ಹಿಂದಿನಿಂದ. "ನೀನು ಯಾವ ಹೋಟೆಲಿನಲ್ಲಿ ಕೆಲಸಕ್ಕಿದ್ದಿ? ಬಾ, ಕೂತ್ಕೋ."

ಇಷ್ಟು ವರ್ಷ ನಿಮ್ಮ ಅಜ್ಜನ ತಣ್ಣನೆಯ ಅನ್ನಕ್ಕೆ ಮರುಗಿದವಳು ನಾನು. ಎದುರಿಗೆ ಕೂತು ನಾನೂ ಅದನ್ನೇ ಉಣ್ಣುತ್ತಿದ್ದೆ ಎಂಬುದು ಆಗ ಹೊಳೆಯಿತು. ಕೂತೆ. ಸಾಸ್ ಖಾರವಾಗಿತ್ತು, ಬಿಸಿಯಾಗಿತ್ತು, ನಾಲಿಗೆ ಸುಟ್ಟಿತು. ಬಿಸಿ ತಿಂದು ಅಭ್ಯಾಸ ಬೇಕಲ್ಲ.

ಕೊನೆಯಲ್ಲಿ ನಿಮ್ಮ ಅಪ್ಪ ಕೇಳಿದ್ದು, "ಆ ಎಕ್ಸ್‌ಟ್ರಾ ಐಟಮ್ ಎಲ್ಲಿ?" ಅನ್ನಕ್ಕೆ ಮೆಣಸಿನ ತುಪ್ಪ ಕಲಸಿ ಗಿಂಡಿ ಖಾಲಿ ಮಾಡಿದ. ಅದು ಯಾರ ಕೈಗುಣವೆಂದು ಇವತ್ತಿಗೂ ಅವನಿಗೆ ಗೊತ್ತಿಲ್ಲ. ಗೊತ್ತಿರುವುದು ಆಗ ಅಡುಗೆಮನೆಯಲ್ಲಿದ್ದ ನಮಗೆ ಮಾತ್ರ.

ಮಕ್ಕಳೇ, ಈ ಹಾಳೆಗಳ ಕನ್ನಡ ಓದಲು ನಿಮಗೆ ಇನ್ನೂ ಕಷ್ಟ. ಕಲಿಯುವವರೆಗೆ ಜೋಪಾನವಾಗಿಡಿ. ಅಪ್ಪನ ಕೈಯಲ್ಲಿ ಓದಿಸಬೇಡಿ, ತುಪ್ಪದ ಗುಟ್ಟು ಬಯಲಾಗುತ್ತದೆ. ರದ್ದಿಯವನಿಗೆ ಹಾಕಬೇಡಿ. ಮುಖ್ಯವಾಗಿ, ನಮ್ಮ ಮನೆಯಲ್ಲಿ ಕಾಗದ ಕಂಡರೆ ಚಕ್ಕುಲಿಯ ಎಣ್ಣೆ ಇಳಿಸಲು ಹಾಸುವ ಒಬ್ಬಳು ಮುದುಕಿ ಇದ್ದಾಳೆ, ಅವಳ ಕೈಗೆ ಸಿಗದ ಹಾಗೆ ಇಡಿ.