ಹಿಸಾಕೊ ಮನೆಯ ಹೆಪ್ಪು

ಥಾರ್ನ್‌ಕ್ಲಿಫ್ ಪಾರ್ಕಿನ ನಮ್ಮ ಕಟ್ಟಡದ ಹನ್ನೊಂದನೇ ಅಂತಸ್ತಿನಲ್ಲಿ ಲಿಫ್ಟಿನಿಂದ ಇಳಿದು ಎಡಕ್ಕೆ ತಿರುಗಿದರೆ ಎದುರುಬದುರಾಗಿ ಎರಡು ಬಾಗಿಲುಗಳಿದ್ದವು. ಒಂದು ಗುರುಬಸವ್ವಕ್ಕನ ಮನೆ, ಇನ್ನೊಂದು ಹಿಸಾಕೊ ಅವರದು. ನಾನು ಎರಡು ಅಂತಸ್ತು ಕೆಳಗಿನವಳು. ಸೋಮವಾರ ಸಂಜೆ ಅಕ್ಕನ ಮನೆಗೆ ವಚನ ಓದಲು ಹೋಗುತ್ತಿದ್ದೆ. ಹೋದಾಗಲೆಲ್ಲ ಆ ಎರಡು ಬಾಗಿಲುಗಳ ನಡುವೆ ಒಂದು ಸ್ಟೀಲ್ ಡಬ್ಬಿ ಓಡಾಡುತ್ತಿತ್ತು. ಡಬ್ಬಿಯಲ್ಲಿ ಮೊಸರು.

ಅದು ನವಲಗುಂದದ ಮೊಸರು. ೧೯೭೪ರಲ್ಲಿ ಗಂಡ ಚನ್ನವೀರಪ್ಪನವರ ಜೊತೆ ಟೊರಾಂಟೊಗೆ ಹೊರಟಾಗ ಗುರುಬಸವ್ವಕ್ಕ ಅತ್ತೆಯ ಗಡಿಗೆಯ ಮೊಸರಿನಲ್ಲಿ ಒಂದು ಬಿಳಿ ಬಟ್ಟೆ ಅದ್ದಿ, ನೆರಳಲ್ಲಿ ಒಣಗಿಸಿ, ಸೀರೆಗಳ ನಡುವೆ ಮಡಚಿಟ್ಟುಕೊಂಡು ಬಂದಿದ್ದರು. ಇಲ್ಲಿಗೆ ಬಂದು ಅದನ್ನು ಬೆಚ್ಚನೆಯ ಹಾಲಿನಲ್ಲಿ ನೆನೆಸಿದರು. ಮೂರನೇ ಸಲಕ್ಕೆ ಮೊಸರು ಗಟ್ಟಿಯಾಗಿ ಕೂತಿತು. ಚಳಿಗಾಲದಲ್ಲಿ ಓವನ್ನಿನ ದೀಪವೊಂದನ್ನೇ ಹಾಕಿ ಒಳಗಿಟ್ಟು ಹೆಪ್ಪುಗಟ್ಟಿಸುವ ಉಪಾಯವನ್ನು ನಮಗೆಲ್ಲ ಕಲಿಸಿದವರು ಅವರೇ. ಹಗಲೆಲ್ಲ ಲಾಂಡ್ರಿಯೊಂದರಲ್ಲಿ ನಿಂತೇ ಇಸ್ತ್ರಿ ಮಾಡುವ ಕೆಲಸ, ಸಂಜೆ ಸ್ನಾನ, ಅಂಗೈಯಲ್ಲಿ ಲಿಂಗಪೂಜೆ, ಆಮೇಲೆ ರೊಟ್ಟಿ. ಮಗಳು ಮದುವೆಯಾಗಿ ಹೋದ ಮೇಲೂ, ೧೯೯೧ರಲ್ಲಿ ಚನ್ನವೀರಪ್ಪನವರು ತೀರಿಕೊಂಡ ಮೇಲೂ ಈ ಕ್ರಮ ತಪ್ಪಲಿಲ್ಲ.

ಹಿಸಾಕೊ ಅವರೂ ಒಂಟಿ ಹೆಂಗಸು. ಜಪಾನಿನ ಕಿಸೊ ಕಣಿವೆಯ ಒಂದು ಬೆಟ್ಟದ ಹಳ್ಳಿಯವರು. ೧೯೫೬ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದವರು. ೧೯೯೩ರಲ್ಲಿ ಅಕ್ಕ ಮೂರು ತಿಂಗಳು ಊರಿಗೆ ಹೋದಾಗ ಹೆಪ್ಪನ್ನು ಇವರ ಕೈಗೆ ಕೊಟ್ಟು ಹೋಗಿದ್ದರು. ಹಿಸಾಕೊ ದಿನ ಬಿಟ್ಟು ದಿನ ಹಾಲು ಕಾಯಿಸಿ, ಹೆಪ್ಪು ಹಾಕಿ, ಅದು ಸಾಯದಂತೆ ಕಾದರು. ಅಕ್ಕ ವಾಪಸು ಬಂದ ದಿನ ಬಾಗಿಲಲ್ಲೇ ಡಬ್ಬಿ ಹಿಡಿದು ನಿಂತಿದ್ದರಂತೆ. "ಗುರು-ಸಾನ್, ಯುವರ್ ಬೇಬಿ ಈಸ್ ಫೈನ್."

ಇಷ್ಟೆಲ್ಲ ಇದ್ದರೂ ಹಿಸಾಕೊ ಮನೆಯಲ್ಲಿ ಅಕ್ಕ ಒಂದು ತುತ್ತು ತಿಂದವರಲ್ಲ.

"ಅವರದೆಲ್ಲಾ ಮೀನದ್ದವಾ. ನೀರು ಕುಡದ್ರೂ ಮೀನು," ಎನ್ನುತ್ತಿದ್ದರು. ಹಿಸಾಕೊ ಏನಾದರೂ ಕೊಡಲು ಬಂದರೆ "ಟುಡೇ ಫಾಸ್ಟಿಂಗ್" ಎಂದುಬಿಡುತ್ತಿದ್ದರು. ಸೋಮವಾರವೂ ಫಾಸ್ಟಿಂಗ್, ಮಂಗಳವಾರವೂ ಫಾಸ್ಟಿಂಗ್. ಹಿಸಾಕೊ ತಲೆ ಬಾಗಿಸಿ ತಟ್ಟೆ ಹಿಂದಕ್ಕೆ ಒಯ್ಯುತ್ತಿದ್ದರು. ಇಷ್ಟು ಉಪವಾಸ ಮಾಡುವವಳು ಇಷ್ಟು ದಪ್ಪ ಹೇಗೆ ಎಂದು ಒಮ್ಮೆಯೂ ಕೇಳಲಿಲ್ಲ.

೧೯೯೮ರ ಸೆಪ್ಟೆಂಬರಿನಲ್ಲಿ ಹಿಸಾಕೊ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಐದು ವಾರ ಆಸ್ಪತ್ರೆ. ಬೀಗದ ಕೈ ಅಕ್ಕನ ಹತ್ತಿರ ಇತ್ತು. ಗೆಳತಿ ಬರುವಷ್ಟರಲ್ಲಿ ಮನೆ ಫಳಫಳ ಅನ್ನಬೇಕೆಂದು ಅಕ್ಕ ನೆಲ ಒರೆಸಿದರು, ಪರದೆ ಒಗೆದರು, ಫ್ರಿಜ್ಜು ತೊಳೆದರು. ಫ್ರೀಜರಿನ ಮೂಲೆಯಲ್ಲಿ ಒಂದು ಕಾಗದದ ಪೊಟ್ಟಣ. ಒಳಗೆ ಕಂದುಬಣ್ಣದ, ಸುಕ್ಕುಸುಕ್ಕಾದ, ಹುಳಿ ವಾಸನೆಯ ಏನೋ ಒಂದು. ಒಣಮೀನು ಕೆಟ್ಟಿದೆ ಎಂದುಕೊಂಡರು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಮುಖ ಆಚೆ ತಿರುಗಿಸಿ ಎತ್ತಿ, ಕೆಳಗಿನ ತೊಟ್ಟಿಗೆ ಇಳಿಯುವ ಕಾರಿಡಾರಿನ ಕಸದ ಚ್ಯೂಟಿಗೆ ಹಾಕಿ, ಮತ್ತೆ ಸ್ನಾನ ಮಾಡಿದರು.

ನವೆಂಬರಿನಲ್ಲಿ ಅದೇನೆಂದು ಗೊತ್ತಾಯಿತು. ಹಿಸಾಕೊ ಪ್ರತಿವರ್ಷ ನಮ್ಮ ಕಟ್ಟಡದ ಹಿಂದಿನ ಕಣಿವೆಯಾಚೆಯ ನಗರಸಭೆಯ ತೋಟದಲ್ಲಿ ಒಂದು ಪಾತಿ ಹಿಡಿದು ಕೆಂಪು ಟರ್ನಿಪ್ ಬೆಳೆಯುತ್ತಿದ್ದರು. ಅದರ ಎಲೆಯನ್ನು ಉಪ್ಪಿಲ್ಲದೆ ಹುಳಿಬರಿಸಿ ಚಳಿಗಾಲವೆಲ್ಲ ತಿನ್ನುವುದು ಅವರ ಕಿಸೊ ಕಣಿವೆಯ ಪದ್ಧತಿ. ಬೆಟ್ಟದ ಮೇಲೆ ಹಿಂದೆ ಉಪ್ಪು ಸಿಗುವುದೇ ಕಷ್ಟವಿತ್ತಂತೆ. ಹೆಸರು ಸುಂಕಿ. ಹೋದ ವರ್ಷದ ಸುಂಕಿಯನ್ನು ಒಣಗಿಸಿಟ್ಟು ಈ ವರ್ಷದ ಎಲೆಗೆ ಸೇರಿಸಿದರೇ ಅದು ಹುಳಿಯಾಗುವುದು. ನಾವು ಹೆಪ್ಪು ಎನ್ನುವಂತೆ ಆ ಹಳೆಯ ಎಲೆಗೆ ಅವರು ಬೀಜ ಎನ್ನುತ್ತಾರೆ. ಆ ವರ್ಷ ತೋಟದ ನೆರೆಯವರು ಕೊಯ್ದು ತಂದುಕೊಟ್ಟ ಎಲೆಗಳು ಬಾಲ್ಕನಿಯಲ್ಲೇ ಬಾಡಿದ್ದನ್ನು ಕಂಡು ಅಕ್ಕ ಕೇಳಿದ್ದಾರೆ. ಹಿಸಾಕೊ ತಮ್ಮ ಮುರುಕು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ್ದಾರೆ: "ಸೀಡ್ ಹೋಯಿತು. ಅಮ್ಮ ಕೊಟ್ಟ ಸೀಡ್. ನಲವತ್ತೆರಡು ವರ್ಷ."

"ಊರಿನಿಂದ ತರಿಸ್ರಿ" ಎಂದರೆ, ಅಮ್ಮ ಕೊಟ್ಟದ್ದನ್ನು ಕಳೆದೆನೆಂದು ತಮ್ಮನ ಹೆಂಡತಿಗೆ ಯಾವ ಮುಖದಲ್ಲಿ ಬರೆಯಲಿ ಎಂದರಂತೆ.

ಮುಂದಿನ ಸೋಮವಾರ ವಚನದ ಪುಸ್ತಕ ತೆರೆಯಲೇ ಇಲ್ಲ.

"ನೀರಜಾ, ನನ್ನ ಹೆಪ್ಪು ಆಕಿ ಮೂರು ತಿಂಗಳು ಕೂಸಿನ್ಹಂಗ ಸಾಕಿದ್ಲು," ಎಂದರು ಅಕ್ಕ. "ಆಕಿ ಹೆಪ್ಪು ನಾ ಕಸಕ್ಕ ಒಗದ್ನೆಲ್ಲ. ಎಲಿ ಇತ್ತವಾ ಅದು. ಬರೇ ಎಲಿ! ಬಿಚ್ಚಿ ನೋಡಿದ್ರ ಏನಾಗ್ತಿತ್ತು?"

"ಹೇಳಿಬಿಡಿ ಅಕ್ಕಾ. ಅವರು ಬೇಜಾರು ಮಾಡಿಕೊಳ್ಳುವವರಲ್ಲ."

"ಬರಿಗೈಲಿ ಹೋಗಿ ಹೆಂಗ ಹೇಳ್ಲಿ? ಮೊದಲ ಅದನ್ನ ತರ್ತೀನಿ. ಆಮ್ಯಾಲ ಹೇಳ್ತೀನಿ."

ಆ ಚಳಿಗಾಲ ನಾವಿಬ್ಬರೂ ಹೇಗೂ ಊರಿಗೆ ಹೋಗುವವರಿದ್ದೆವು. ವಾಪಸು ಬರುವಾಗ ಟೋಕಿಯೊ ಮೇಲೆ ಬರೋಣ ಎಂದರು ಅಕ್ಕ. ನಿಮ್ಮ ಹಳ್ಳಿ ನೋಡಿ ಬರುತ್ತೇವೆ ಎಂದು ಹಿಸಾಕೊಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಅಕ್ಕನ ಮುಖವನ್ನೇ ನೋಡಿ, ವಿಳಾಸ ಬರೆದುಕೊಟ್ಟರು. ಮನೆಯವರಿಗೆ ತಾವೇ ಕಾಗದ ಹಾಕುತ್ತೇನೆ ಎಂದರು.

೧೯೯೯ರ ಫೆಬ್ರವರಿ. ಟೋಕಿಯೊದಿಂದ ದೊಡ್ಡ ರೈಲು, ಆಮೇಲೆ ನದಿಯ ಪಕ್ಕದಲ್ಲೇ ಹತ್ತುವ ಸಣ್ಣ ರೈಲು. ಸ್ಟೇಷನ್ನಿನಲ್ಲಿ ಹಿಸಾಕೊ ತಮ್ಮನ ಮಗಳು ಯಾಸುಕೊ ಕಾದಿದ್ದಳು. ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವವಳು. ಆ ಎರಡು ದಿನ ನಮ್ಮೆಲ್ಲರ ಮಾತು ಹಾದುಹೋದದ್ದು ಅವಳ ಬಾಯಿಯ ಮೂಲಕವೇ.

ಹಳೆಯ ಕಾಲದಲ್ಲಿ ಬೆಟ್ಟದಾರಿಯಲ್ಲಿ ನಡೆದು ಹೋಗುವವರು ರಾತ್ರಿ ತಂಗುತ್ತಿದ್ದ ಹಳ್ಳಿಯದು. ಒಂದೇ ಬೀದಿ. ಎರಡೂ ಕಡೆ ಹೊಗೆಗೆ ಕಪ್ಪಾದ ಮರದ ಮನೆಗಳು, ಸಣ್ಣ ಸಣ್ಣ ಪಟ್ಟಿಗಳ ಜಾಲರಿ ಕಿಟಕಿಗಳು. ಕೆಲವು ಚಾವಣಿಗಳ ಮೇಲೆ ಹಲಗೆ ಹಾರದಂತೆ ಕಲ್ಲು ಹೇರಿದ್ದರು. ಬೀದಿಬದಿಯ ಮರದ ತೊಟ್ಟಿಗೆ ಬೆಟ್ಟದ ನೀರು ಸದಾ ಬೀಳುತ್ತಿತ್ತು. ಸುತ್ತ ಹಿಮವಿದ್ದರೂ ಆ ನೀರು ಹೆಪ್ಪುಗಟ್ಟಿರಲಿಲ್ಲ.

ಯಾಸುಕೊಳ ತಾಯಿ ಕಿಯೊ ಎಪ್ಪತ್ತರ ಹತ್ತಿರದವರು. ಬಾಗಿಲಲ್ಲೇ ಮಂಡಿಯೂರಿ ಬಾಗಿದರು. ಅಕ್ಕನೂ ಬಾಗಿದರು. ಇವರು ಏಳುವಷ್ಟರಲ್ಲಿ ಅವರು ಮತ್ತೆ ಬಾಗಿದರು, ಅವರನ್ನು ಕಂಡು ಇವರು ಮತ್ತೆ. "ನೀರಜಾ, ಇದು ಯಾವಾಗ ಮುಗೀತೈತವಾ? ಮೊಳಕಾಲು ನೋಯಾಕ್ಹತ್ತಾವು," ಎಂದು ಅಕ್ಕ ನಗುಮುಖದಲ್ಲೇ ಗೊಣಗಿದರು.

ಊಟದ ಚಿಂತೆಯಿತ್ತು ನಮಗೆ. ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡೇ ಹೋಗಿದ್ದೆವು. ಆದರೆ ಕಿಯೊ ಅಕ್ಕಿಯ ಅನ್ನವನ್ನು ಅರೆಬರೆ ಜಜ್ಜಿ, ಚಪ್ಪಟೆ ಕಡ್ಡಿಗೆ ಮೆತ್ತಿ, ಅಕ್ರೋಟು ಅರೆದ ಸಿಹಿಖಾರದ ಲೇಪ ಹಚ್ಚಿ ಕೆಂಡದ ಮೇಲೆ ಸುಡುತ್ತ ಕೂತಿದ್ದರು. ಪಕ್ಕದಲ್ಲಿ ಹುರುಳಿಯ ಬಣ್ಣದ ನೂಡಲು ಹಾಕಿದ ಬಿಸಿ ಸಾರು, ಅದರ ಮೇಲೆ ಒಂದು ಹಿಡಿ ಕಪ್ಪುಹಸಿರು ಎಲೆ. ಯಾಸುಕೊ ನಮ್ಮ ಮುಖ ನೋಡಿ, "ಮೀನಿಲ್ಲ. ಅತ್ತೆ ಬರೆದಿದ್ದಾರೆ. ಸಾರು ಅಣಬೆಯದು," ಎಂದಳು.

ಅಕ್ಕ ಎಲೆಯನ್ನು ಬಾಯಿಗಿಟ್ಟರು.

"ಪುಂಡಿಪಲ್ಯ!" ಎಂದರು. "ನೀರಜಾ, ನಮ್ಮ ಪುಂಡಿಪಲ್ಯದ ಹುಳಿ ನೋಡು. ಹೊರಗ ಹೊಲ ಇಲ್ಲ ಅನ್ನೋದೊಂದ." ಕಣ್ಣೊರೆಸಿಕೊಂಡು ಇನ್ನೂ ಒಂದು ಬಟ್ಟಲು ತಿಂದರು. ಅದೇ ಎಲೆ ತಾವು ಮುಖ ತಿರುಗಿಸಿ ಎಸೆದದ್ದು ಎಂಬುದು ಅವರಿಗೂ ನನಗೂ ಮಾತ್ರ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅಕ್ಕ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಾಗ ಆ ಮನೆಯಲ್ಲಿ ಟಿವಿ ನಿಂತಿತು, ಪಾತ್ರೆ ಸದ್ದು ನಿಂತಿತು. ಪೂಜೆ ಮುಗಿದ ಮೇಲೆ ಕಿಯೊ ನಮ್ಮನ್ನು ಬೆಟ್ಟದ ದೇವರಿಗೆ ಕರೆದೊಯ್ದರು. ದೊಡ್ಡ ದೇವದಾರುಗಳ ನಡುವೆ ಕಲ್ಲಿನ ಮೆಟ್ಟಿಲು, ಕೆಳಗೆ ಮರದ ಕಮಾನು. ಕಲ್ಲುಬಾನಿಯ ನೀರಿನಲ್ಲಿ ಕೈ ತೊಳೆದು ಬಾಯಿ ಮುಕ್ಕಳಿಸಬೇಕು. ಅದು ನಮಗೆ ಹೊಸದಲ್ಲ. ಆದರೆ ನಾನು ಕೈ ಒರೆಸಿಕೊಂಡು ತಿರುಗುವಷ್ಟರಲ್ಲಿ ಅಕ್ಕ ಬೂಟು ಕಳಚಿ ಕಮಾನಿನ ಹೊರಗಿಟ್ಟು ಹಿಮದ ಮೇಲೆ ಕಾಲುಚೀಲದಲ್ಲಿ ಹೊರಟಿದ್ದರು.

"ನೋ ನೋ, ಶೂಸ್ ಓಕೆ!" ಎಂದು ಯಾಸುಕೊ ಕೂಗಿಕೊಂಡಳು.

"ನಿಮಗ ಓಕೆ ಇರಬಹುದವಾ. ದೇವರ ಮುಂದ ಬೂಟು ಹಾಕ್ಕೊಂಡು ಹೋದ್ರ ನಮ್ಮತ್ತಿ ಸ್ವರ್ಗದಾಗ ಎದ್ದು ಕುಂದರ್ತಾಳ."

ಅರವತ್ತಮೂರು ಮೆಟ್ಟಿಲು. ಎಣಿಸಿದ್ದು ನಾನು. ಮೇಲೆ ಬಾಗಿಲು ಮುಚ್ಚಿದ ಸಣ್ಣ ಗುಡಿ, ದಪ್ಪ ಹುಲ್ಲಿನ ಹಗ್ಗ. ಮೂರ್ತಿ ಕಾಣುವುದಿಲ್ಲ. ಕಿಯೊ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿದರು. ಅಕ್ಕ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ಇಳಿಯುವಾಗ ಏನು ಬೇಡಿಕೊಂಡಿರಿ ಎಂದೆ.

"ಬೇಡೂದೇನೈತಿ? ತಪ್ಪು ಹೇಳಿದ್ನಿ. ಆದ್ರ ದೇವರಿಗೆ ಹೇಳೂದು ಸಸಾರ ನೋಡು. ಅವ ತಿರುಗಿ ಏನೂ ಅನ್ನಂಗಿಲ್ಲ."

ಮನೆಗೆ ಬಂದೊಡನೆ ಕಿಯೊ ಅಕ್ಕನ ಒದ್ದೆ ಕಾಲುಚೀಲ ತಾವೇ ಎಳೆದು ತೆಗೆದು, ಕಂಬಳಿ ಹೊದಿಸಿದ ಬಿಸಿ ಮೇಜಿನ ಕೆಳಗೆ ಕಾಲು ತೂರಿಸಿದರು. ಬೈಯುತ್ತಿದ್ದರೆಂದು ಭಾಷೆ ಬಾರದಿದ್ದರೂ ತಿಳಿಯುತ್ತಿತ್ತು. ನಾವೆಲ್ಲ ಸುತ್ತ ಕೂತಾಗ ಯಾಸುಕೊ ಹಿಸಾಕೊ ಅವರ ಕಾಗದ ತಂದು ಓದಿ ಅರ್ಥ ಹೇಳತೊಡಗಿದಳು. ಗೆಳತಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ದೇವರನ್ನು ಅಂಗೈಯಲ್ಲಿಟ್ಟುಕೊಂಡಾಗ ಯಾರೂ ಮಾತಾಡಿಸಬೇಡಿ. ಮೆಣಸಿನಕಾಯಿ ಹೆಚ್ಚು ಕೊಡಿ. ಎಲ್ಲರೂ ನಕ್ಕೆವು. ಕಡೆಯ ಸಾಲಿಗೆ ಬಂದಾಗ ಯಾಸುಕೊಳ ದನಿ ಇಳಿಯಿತು.

"'ಅಮ್ಮನ ಸುಂಕಿ ಬೀಜವನ್ನು ನಾನೇ ಮರೆವಿನಲ್ಲಿ ಕಸಕ್ಕೆ ಹಾಕಿದೆ. ಮುದುಕಿಯಾದೆ, ಕ್ಷಮಿಸಿ. ಗೆಳತಿಯ ಕೈಲಿ ಸ್ವಲ್ಪ ಕಳಿಸಿ.'"

ಅಕ್ಕನ ಕೈಯ ಟೀ ಬಟ್ಟಲು ಮೇಜಿಗೆ ಬಂತು.

"ಸುಳ್ಳು," ಎಂದರು. "ನೀರಜಾ, ಆ ಹುಡುಗಿಗೆ ಹೇಳು. ಆಕಿ ಒಗದಿಲ್ಲ. ನಾನು ಒಗದಾಕಿ. ಮೀನಂತ ತಿಳಕೊಂಡು ಒಗದ್ನಿ. ಆಕಿ ಮ್ಯಾಲ ಮಾತು ಬರಬಾರದು."

ನಾನು ಯಾಸುಕೊಗೆ ಹೇಳಿದೆ, ಯಾಸುಕೊ ತಾಯಿಗೆ ಹೇಳಿದಳು. ಕಿಯೊ ಎದ್ದು ಒಳಗೆ ಹೋದರು. ಅಕ್ಕ ತಲೆ ತಗ್ಗಿಸಿದರು. ಎದ್ದು ಹೋಗಬೇಕೇನೋ ಎಂದು ನನಗೂ ಅನ್ನಿಸಿತು. ಕಿಯೊ ಒಂದು ಕಾಗದದ ಪೊಟ್ಟಣ ಹಿಡಿದು ಬಂದು, ಅಕ್ಕನ ಪಕ್ಕದಲ್ಲೇ ಕೂತು, ಸಣ್ಣ ದನಿಯಲ್ಲಿ ಏನೋ ಹೇಳಿದರು. ಯಾಸುಕೊ ಬಾಯಿಗೆ ಕೈ ಹಿಡಿದಳು.

"ಅಮ್ಮಾ! ಇದು ನನಗೇ ಗೊತ್ತಿರಲಿಲ್ಲ!" ಎಂದು ಇಂಗ್ಲಿಷಿನಲ್ಲೇ ಕೂಗಿ, ಆಮೇಲೆ ನಮಗೆ ಹೇಳಿದಳು. ಮದುವೆಯಾಗಿ ಬಂದ ವರ್ಷ ಕಿಯೊ ಎಲೆಯನ್ನು ಕುದಿಯುವ ನೀರಿನಲ್ಲಿ ಹೆಚ್ಚು ಹೊತ್ತು ಬಿಟ್ಟು, ಆರುವ ಮೊದಲೇ ಬೀಜ ಸೇರಿಸಿ ಅದನ್ನು ಕೊಂದಿದ್ದರು. ಅತ್ತೆಗೆ ಹೆದರಿ ಹಿತ್ತಲಿಂದ ಪಕ್ಕದ ಮನೆಗೆ ಓಡಿ ಅವರ ಬೀಜ ಬೇಡಿ ತಂದರು. ಆ ಮನೆಯವರೋ ಅದಕ್ಕೆ ಹಿಂದಿನ ವರ್ಷ ಈ ಮನೆಯಿಂದಲೇ ಒಯ್ದಿದ್ದರು. ಅತ್ತೆ ಸಾಯುವ ತನಕ ಕಿಯೊ ಬಾಯಿ ಬಿಡಲಿಲ್ಲ.

"ಅಯ್ಯ, ಇಕಿ ನನಗಿಂತ ಗಟ್ಟಿ!" ಎಂದು ಅಕ್ಕ ಅಳುತ್ತಲೇ ನಕ್ಕರು. ಆ ಇಬ್ಬರು ಮುದುಕಿಯರು ಒಬ್ಬರ ಭುಜ ಒಬ್ಬರು ಹಿಡಿದು ನಕ್ಕಿದ್ದು ಈಗಲೂ ನನ್ನ ಕಣ್ಣ ಮುಂದಿದೆ.

ಟೊರಾಂಟೊ ವಿಮಾನ ನಿಲ್ದಾಣದಲ್ಲಿ ಒಣ ಎಲೆ ತಂದಿದ್ದೇವೆಂದು ಫಾರ್ಮಿನಲ್ಲಿ ಬರೆದೆವು. ಅಧಿಕಾರಿ ಪೊಟ್ಟಣ ಬಿಚ್ಚಿ ಮೂಸಿ, ಮುಖ ಹಿಂದಕ್ಕೆಳೆದುಕೊಂಡು, ತಿನ್ನುವುದೇ ಎಂದು ಎರಡು ಸಲ ಕೇಳಿ ಬಿಟ್ಟುಕೊಟ್ಟ. ಮೂಸಿದಾಗ ಆಗುವುದು ಏನೆಂದು ಗೊತ್ತಿದ್ದ ಅಕ್ಕ ಅವನ ಮೇಲೆ ಸಿಟ್ಟಾಗಲಿಲ್ಲ.

ಹೊಸ ಎಲೆಗೆ ಅಕ್ಟೋಬರ್ ತನಕ ಕಾಯಬೇಕಿತ್ತು. ಪೊಟ್ಟಣ ಹಿಸಾಕೊ ಫ್ರೀಜರಿನಲ್ಲಿ ಕೂತಿತು. ತರುತ್ತೇನೆ, ಆಮೇಲೆ ಹೇಳುತ್ತೇನೆ ಎಂದಿದ್ದ ಅಕ್ಕ ತಂದ ಮೇಲೂ ಹೇಳಲಿಲ್ಲ. ಅದು ಹುಳಿಯಾದ ಮೇಲೆ ಹೇಳ್ತೀನಿ ಎಂದರು. ಬೇಸಗೆಯೆಲ್ಲ ಹಿಸಾಕೊ ಕೋಲೂರಿ ನಿಂತು ದಾರಿ ತೋರಿಸಿದಂತೆ ಅಕ್ಕನೇ ಆ ಪಾತಿ ಅಗೆದು ನೀರು ಹಾಕಿದರು. ಅಕ್ಟೋಬರಿನ ಒಂದು ಶನಿವಾರ ಎಲೆ ಕೊಯ್ದು, ಬಿಸಿನೀರಿನಲ್ಲಿ ಅದ್ದಿ ತೆಗೆದು, ಒಂದು ಪದರ ಎಲೆ, ಒಂದು ಪದರ ಬೀಜ ಇಟ್ಟು, ಕಲ್ಲು ಹೇರಿ, ಕಂಬಳಿ ಸುತ್ತಿದರು. ಮೂರನೇ ದಿನ ಮುಚ್ಚಳ ತೆಗೆಯಲು ನನ್ನನ್ನೂ ಕರೆದರು. ಹುಳಿ ವಾಸನೆ ಅಡುಗೆಮನೆಯಲ್ಲೆಲ್ಲ ಹರಡಿತು. ಹಿಸಾಕೊ ಒಂದೆಳೆ ಬಾಯಿಗಿಟ್ಟು ಬಹಳ ಹೊತ್ತು ಅಗಿದರು.

"ಮದರ್," ಎಂದರು.

ಆಗ ಅಕ್ಕ ಕೈ ಜೋಡಿಸಿದರು. "ಹಿಸಾಕೊ, ಐ ಥ್ರೋ. ಲಾಸ್ಟ್ ಟೈಮ್ ಸೀಡ್, ಐ ಥ್ರೋ."

ಹಿಸಾಕೊ ಡ್ರಾಯರ್ ಎಳೆದು ಮಡಚಿದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ಕನ್ನಡ ಕ್ಯಾಲೆಂಡರಿನ ೧೯೯೮ರ ಆಗಸ್ಟ್ ಪುಟ. ಕಪಾಟು, ಫ್ರಿಜ್ಜು ಏನೇ ತೊಳೆದರೂ ಹಳೆಯ ಕ್ಯಾಲೆಂಡರಿನ ಹಾಳೆ ಹಾಸುವುದು ಅಕ್ಕನ ಅಭ್ಯಾಸ. ಫ್ರೀಜರಿನಲ್ಲೂ ಹಾಸಿ ಬಂದಿದ್ದರು.

"ಐ ನೋ, ಗುರು-ಸಾನ್. ವೆರಿ ಕ್ಲೀನ್ ಫ್ರೀಜರ್."

"ಐ ಥಿಂಕ್ ಫಿಶ್," ಎಂದರು ಅಕ್ಕ ಇನ್ನೂ ಸಣ್ಣ ದನಿಯಲ್ಲಿ.

"ಫಿಶ್!" ಹಿಸಾಕೊ ಕೋಲು ಹಿಡಿದುಕೊಂಡೇ ನಕ್ಕರು. ಆಮೇಲೆ ಒಂದು ಸಣ್ಣ ತಟ್ಟೆಗೆ ಎಲೆ ಹಾಕಿ ಅಕ್ಕನ ಮುಂದೆ ಹಿಡಿದು ಕೇಳಿದರು: "ಟುಡೇ ಫಾಸ್ಟಿಂಗ್?"

ಅಕ್ಕ ಎದುರು ಮನೆಗೆ ಹೋಗಿ ಎರಡು ಜೋಳದ ರೊಟ್ಟಿ ತಂದು, ಆ ಮನೆಯ ಮೇಜಿಗೆ ಮೊದಲ ಸಲ ಊಟಕ್ಕೆ ಕೂತರು.

ಹಿಸಾಕೊ ೨೦೦೬ರಲ್ಲಿ ತೀರಿಹೋದರು. ಅಲ್ಲಿಯ ತನಕ ಏಳು ಚಳಿಗಾಲ ಅವರಿಬ್ಬರೂ ಸೇರಿ ಸುಂಕಿ ಮಾಡಿದರು. ಆಮೇಲೆ ಅಕ್ಕ ಒಬ್ಬರೇ. ೨೦೦೯ರಲ್ಲಿ ಮಗಳ ಜೊತೆ ಇರಲು ಸ್ಕಾರ್‌ಬರೋಗೆ ಹೊರಟಾಗ ಮೊಸರಿನ ಡಬ್ಬಿಯನ್ನೂ ಒಂದು ಪೊಟ್ಟಣವನ್ನೂ ನನ್ನ ಕೈಗೆ ಕೊಟ್ಟರು. ಪೊಟ್ಟಣ ಈಗ ನನ್ನ ಫ್ರೀಜರಿನಲ್ಲಿದೆ. ಕ್ಯಾಲೆಂಡರ್ ಹಾಳೆಯಲ್ಲೇ ಸುತ್ತಿದ್ದಾರೆ. ಮೇಲೆ ದಪ್ಪ ಪೆನ್ನಿನಲ್ಲಿ, ಅವರದೇ ಗುಂಡು ಅಕ್ಷರಗಳಲ್ಲಿ ಬರೆದಿದೆ: "ಇದು ಮೀನಲ್ಲ. ಒಗೀಬ್ಯಾಡ್ರಿ."