ಡ್ಯಾಶ್ ಕ್ಯಾಮ್‌ನ ಹಣೆ

ಗೆಳೆಯರೇ, ಇವತ್ತು ಬೆಳಿಗ್ಗೆ ಅಜ್ಜಂಪುರದ ಬಸ್ ಸ್ಟ್ಯಾಂಡ್ ಹತ್ತಿರ ತೆಂಗಿನಕಾಯಿ ತುಂಬಿದ ಟೆಂಪೋ ಒಂದು ರಿವರ್ಸ್ ಬಂದು, ನಿಂತಿದ್ದ ನನ್ನ ಕಾರಿನ ಮುಂದಿನ ಬಂಪರಿಗೆ ಗುದ್ದಿತು. ಡ್ರೈವರ್ ಇಳಿದು ಬಂದವನೇ ನನ್ನ ಮೇಲೇ ರೇಗಿದ.

"ನಾನ್ ನಿಂತಿದ್ದೆ ಕಣ್ರೀ, ನೀವೇ ಬಂದ್ ಗುದ್ದಿದ್ದು!"

ನಾನು ಜಗಳಕ್ಕೆ ಹೋಗಲಿಲ್ಲ. ಹದಿನೈದು ದಿನ ವಿಚಾರಿಸಿ ಕಡೂರಿನಲ್ಲಿ ಕೊಂಡ ಡ್ಯಾಶ್ ಕ್ಯಾಮ್ ಮುಂದಿನ ಗಾಜಿಗೆ ಅಂಟಿಕೊಂಡಿತ್ತು. ನಿನ್ನೆಯಷ್ಟೇ ಹಾಕಿಸಿದ್ದು. ಪರದೆ ಇರುವುದಕ್ಕೆ ಬೆಲೆ ಜಾಸ್ತಿ ಎಂದು ಪರದೆ ಇಲ್ಲದ್ದನ್ನೇ ಆರಿಸಿದ್ದೆ. ರೆಕಾರ್ಡ್ ಆಗಿದ್ದನ್ನು ಮೊಬೈಲಿನಲ್ಲಿ ನೋಡಬೇಕು.

"ಎಲ್ಲಾ ಕ್ಯಾಮೆರಾದಲ್ಲೈತೆ, ಬನ್ರೀ ತೋರಿಸ್ತೀನಿ" ಎಂದು ಠೀವಿಯಿಂದ ಮೊಬೈಲ್ ತೆಗೆದೆ. ಸೇರಿದ್ದ ಜನರೆಲ್ಲ ಬಗ್ಗಿದರು. ಮೊಬೈಲಿನ ತುಂಬ ಬೆಳ್ಳನೆಯ ಮಂಜು, ನಡುವೆ ಒಂದು ಕೆಂಪು ಮಸುಕು. ಟೆಂಪೋ ಹಾಗಿರಲಿ, ರಸ್ತೆಯೇ ಇಲ್ಲ.

"ಎಲ್ಲೈತ್ರೀ ನನ್ ಗಾಡಿ?" ಎಂದ ಡ್ರೈವರ್.

ಹಿಂದಿನ ಸೀಟಿನಲ್ಲಿದ್ದ ನಮ್ಮವ್ವ ಕಿಟಕಿಯಿಂದ ತಲೆ ಹೊರಹಾಕಿದಳು.

"ಹೊಸ ವಸ್ತು ಅಂತ ಹೊರಡೋ ಮುಂಚೆ ಪೂಜೆ ಮಾಡ್ದೆ ಕಣೋ. ಅದ್ಕೆ ಹಣೆ ಯಾವ್ದು ಅಂತ ಗೊತ್ತಾಗ್ಲಿಲ್ಲ. ಮುಂದ್ಗಡೆ ದುಂಡುಗೆ ಇತ್ತಲ್ಲ, ಅಲ್ಲೇ ವಿಭೂತಿ ಬಳ್ದು ಕುಂಕುಮ ಇಟ್ಟೆ."

ಡ್ರೈವರ್ ಚಪ್ಪಲಿ ಬಿಟ್ಟು ಕ್ಯಾಮೆರಾಗೆ ಕೈಮುಗಿದ. "ಸ್ವಾಮೀ, ನೀನೇ ಸಾಕ್ಷಿ, ನಂದೇನೂ ತಪ್ಪಿಲ್ಲ" ಎಂದವನು ಗಾಡಿ ಹತ್ತಿ ತರೀಕೆರೆ ಕಡೆಗೆ ಹೊರಟೇಬಿಟ್ಟ. ಅವ್ವನೂ ಒಳಗಿನಿಂದಲೇ ಕೈಮುಗಿದಳು.

ಕಡಿಮೆ ಬೆಲೆಯಲ್ಲಿ ಯಾವ ಡ್ಯಾಶ್ ಕ್ಯಾಮ್ ಒಳ್ಳೆಯದು ಎಂದು ನನ್ನನ್ನು ಕೇಳುತ್ತಿದ್ದವರಿಗೆ ಉತ್ತರ: ಯಾವುದನ್ನಾದರೂ ಕೊಳ್ಳಿ, ಹಣೆ ಇರುವುದನ್ನು ಕೊಳ್ಳಿ.